ಕೋಳಿ ಕೂಗಿದ್ದಕ್ಕೆ ಬೆಳಗಾಯಿತೆ? ಈಬೇ ಕೀವರ್ಡ್ ಜಾಹೀರಾತಿನ ಪ್ರಕರಣ

2012ರ ಮಾರ್ಚ್ ತಿಂಗಳಲ್ಲಿ ಈಬೇ ಎಂಬ ಆನ್‌ಲೈನ್ ಮಾರುಕಟ್ಟೆ ಕಂಪನಿ ಅಮೆರಿಕದಲ್ಲಿ ತನ್ನ ಒಂದು ಬಗೆಯ ಜಾಹೀರಾತನ್ನು ನಿಲ್ಲಿಸಿ ನೋಡಿತು. ಯಾಹೂದಲ್ಲೋ ಮೈಕ್ರೋಸಾಫ್ಟ್‌ನ ಸರ್ಚ್ ಎಂಜಿನ್ನಿನಲ್ಲೋ ಯಾರಾದರೂ ‘ಈಬೇ’ ಎಂಬ ಹೆಸರು ಸೇರಿಸಿ ಏನನ್ನಾದರೂ ಹುಡುಕಿದರೆ, ‘ಈಬೇ ಶೂಸ್’ ಎಂದು ಇಟ್ಟುಕೊಳ್ಳಿ, ಪುಟದ ಮೇಲ್ತುದಿಯಲ್ಲಿ ಈಬೇಯ ಜಾಹೀರಾತು ಬರುತ್ತಿತ್ತು. ಅದರ ಕೆಳಗೇ, ದುಡ್ಡು ಕೊಡದೆ ಬರುವ ಸಹಜ ಫಲಿತಾಂಶಗಳ ಸಾಲಿನಲ್ಲಿ, ಮತ್ತೆ ಈಬೇಯದೇ ಲಿಂಕ್. ಎರಡೂ ಹೋಗಿ ಸೇರುವುದು ಒಂದೇ ಅಂಗಡಿಗೆ. ಮೇಲಿನದನ್ನು ಒತ್ತಿದರೆ ಈಬೇ ದುಡ್ಡು ಕೊಡಬೇಕು, ಕೆಳಗಿನದನ್ನು ಒತ್ತಿದರೆ ಬಿಟ್ಟಿ.

ಮೇಲಿನದನ್ನು ತೆಗೆದರು. ಗೂಗಲ್‌ನಲ್ಲಿ ಮಾತ್ರ ಹೋಲಿಕೆಗೆಂದು ಹಾಗೇ ಉಳಿಸಿಕೊಂಡರು. ಜಾಹೀರಾತಿನ ಕ್ಲಿಕ್‌ಗಳು ನಿಂತವು, ಅದೇನೋ ಸರಿ. ಆದರೆ ಹಾಗೆ ಕೈತಪ್ಪಬೇಕಿದ್ದ ಕ್ಲಿಕ್‌ಗಳಲ್ಲಿ ಶೇ 99.5ರಷ್ಟು ಕೂಡಲೇ ಕೆಳಗಿನ ಬಿಟ್ಟಿ ಲಿಂಕಿನಿಂದ ಒಳಗೆ ಬಂದವು. ಬಾಗಿಲು ಮುಚ್ಚಿದ್ದನ್ನು ಜನ ಗಮನಿಸಿದಂತೆಯೂ ಕಾಣಲಿಲ್ಲ. ಪಕ್ಕದ ಬಾಗಿಲಿನಿಂದ ನಡೆದುಬಂದರು, ಅಷ್ಟೇ. ಕೆಲವು ತಿಂಗಳ ನಂತರ ಜರ್ಮನಿಯಲ್ಲಿ, ಈ ಸಲ ಗೂಗಲ್‌ನಲ್ಲೇ, ದೇಶದ ಒಂದು ಭಾಗವನ್ನು ಹೋಲಿಕೆಗೆ ಬಿಟ್ಟು ಮತ್ತೆ ನಿಲ್ಲಿಸಿ ನೋಡಿದರು. ಹೆಚ್ಚುಕಮ್ಮಿ ಅದೇ ಕಥೆ.

ಈ ವಿವರ ಹೊರಗೆ ಬಂದದ್ದು ಥಾಮಸ್ ಬ್ಲೇಕ್, ಕ್ರಿಸ್ ನೋಸ್ಕೊ, ಸ್ಟೀವನ್ ತಡೇಲಿಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರ ಪ್ರಬಂಧದಿಂದ. 2015ರಲ್ಲಿ ‘ಎಕನಾಮೆಟ್ರಿಕಾ’ ಪತ್ರಿಕೆಯಲ್ಲಿ ಅಚ್ಚಾಯಿತು. ಆನ್‌ಲೈನ್ ಜಾಹೀರಾತೇ ದಂಡ ಎನ್ನುವವರು ಇದನ್ನು ಆಗಾಗ ಎತ್ತಿ ತೋರಿಸುತ್ತಾರೆ. ಪ್ರಬಂಧ ಹೇಳುವುದು ಅಷ್ಟು ಸಲೀಸಾದ ಮಾತನ್ನಲ್ಲ. ನನಗೆ ಇದು ಮುಖ್ಯವಾದದ್ದು ಬೇರೆ ಕಾರಣಕ್ಕೆ: ಜನ ಟೈಪ್ ಮಾಡುವ ಪದಕ್ಕೂ ಅವರ ಮನಸ್ಸಿನ ಉದ್ದೇಶಕ್ಕೂ ನಡುವೆ ಎಷ್ಟು ದೂರ ಇದೆ ಎಂಬುದನ್ನು ಮಾತಿನಲ್ಲಿ ಹೇಳದೆ ಡಾಲರಿನಲ್ಲಿ ಅಳೆದ ಪ್ರಕರಣ ಇದು.

ವರದಿಯಲ್ಲಿ ಹೊಳೆಯುವ ಚಿನ್ನ

ಈಬೇಯಂಥ ಕಂಪನಿ ತನ್ನ ಹೆಸರಿಗೇ ತಾನೇ ದುಡ್ಡು ಸುರಿಯುತ್ತಿದ್ದದ್ದು ಯಾಕೆ? ಪೆದ್ದತನದಿಂದ ಎಂದುಕೊಂಡರೆ ಪ್ರಕರಣದ ಅರ್ಧ ಸ್ವಾರಸ್ಯ ಹೋಗುತ್ತದೆ. ಕೀವರ್ಡ್ ಜಾಹೀರಾತು, ಅಂದರೆ ಜನ ಹುಡುಕುವ ಇಂತಿಂಥ ಪದಗಳಿಗೆಂದು ದುಡ್ಡು ಕೊಟ್ಟು ಹಾಕುವ ಜಾಹೀರಾತು, ನಡೆಸುವವರ ಮುಂದೆ ದಿನಾ ಬೆಳಗ್ಗೆ ಬರುವ ವರದಿಯನ್ನು ನೆನೆಸಿಕೊಳ್ಳಿ. ಒಂದು ಕಾಲಂನಲ್ಲಿ ಕೀವರ್ಡ್‌ಗಳು, ಪಕ್ಕದಲ್ಲಿ ಎಷ್ಟು ಜನ ನೋಡಿದರು, ಎಷ್ಟು ಜನ ಒತ್ತಿದರು, ಎಷ್ಟು ಖರ್ಚಾಯಿತು, ಒತ್ತಿದವರಲ್ಲಿ ಎಷ್ಟು ಜನ ಕೊಂಡರು. ಆ ಪಟ್ಟಿಯನ್ನು ಲಾಭದ ಪ್ರಕಾರ ಜೋಡಿಸಿದರೆ ಬ್ರ್ಯಾಂಡ್ ಕೀವರ್ಡ್, ಅಂದರೆ ಕಂಪನಿಯ ಸ್ವಂತ ಹೆಸರು, ಬಹುತೇಕ ಯಾವಾಗಲೂ ಮೇಲಿನ ಸಾಲಿನಲ್ಲಿರುತ್ತದೆ. ಹೆಸರು ಹಿಡಿದು ಹುಡುಕುವವರು ಹೆಚ್ಚು ಒತ್ತುತ್ತಾರೆ. ಒತ್ತಿದವರು ಹೆಚ್ಚು ಕೊಳ್ಳುತ್ತಾರೆ. ಜಾಹೀರಾತಿನ ಹರಾಜಿನಲ್ಲಿ ಒತ್ತುವ ಸಂಭವವನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ ಕ್ಲಿಕ್ಕಿನ ದರವೂ ಸಾಮಾನ್ಯವಾಗಿ ಕಡಿಮೆ. ಎಲ್ಲ ಕಾಲಂಗಳೂ ಹಸಿರು. ಅಂಥ ಸಾಲನ್ನು ಅಳಿಸಿಹಾಕಿ ಎಂದು ಯಾವ ಮ್ಯಾನೇಜರ್ ಮೀಟಿಂಗಿನಲ್ಲಿ ಬಾಯಿಬಿಟ್ಟಾನು?

ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದು ಎಂದು ನಂಬಿದ್ದ ಅಜ್ಜಿಯ ಕಥೆ ನಮಗೆಲ್ಲ ಗೊತ್ತು. ಆ ಅಜ್ಜಿಯ ಹತ್ತಿರ ದಾಖಲೆ ಇರಲಿಲ್ಲ ಎಂದು ನಗುತ್ತೇವೆ. ನಿಜ ಹೇಳಬೇಕೆಂದರೆ ಅವಳ ದಾಖಲೆ ಅಚ್ಚುಕಟ್ಟಾಗಿಯೇ ಇತ್ತು: ಕೋಳಿ ಕೂಗಿದ ಪ್ರತಿ ದಿನವೂ ಬೆಳಗಾಗಿದೆ, ಒಂದು ದಿನವೂ ತಪ್ಪಿಲ್ಲ. ಅವಳು ಮಾಡದೆ ಬಿಟ್ಟದ್ದು ಒಂದೇ, ಕೋಳಿಯನ್ನು ಒಂದು ದಿನ ಮುಚ್ಚಿಟ್ಟು ನೋಡುವುದು. ಈಬೇ 2012ರಲ್ಲಿ ಮಾಡಿದ್ದು ಅದನ್ನೇ.

ಹೆಸರು ಹಿಡಿದು ಹುಡುಕುವವರ ಉದ್ದೇಶವೇನು ಎಂಬುದು ಆಗಲೇ ಹಳೆಯ ವಿಷಯವಾಗಿತ್ತು. ಆಂಡ್ರೆ ಬ್ರೋಡರ್ 2002ರಲ್ಲಿ ಆಲ್ಟಾವಿಸ್ಟಾ ಸರ್ಚ್ ಎಂಜಿನ್ನಿನ ಬಳಕೆದಾರರ ಸಮೀಕ್ಷೆ ಮತ್ತು ಹುಡುಕಾಟದ ದಾಖಲೆಗಳನ್ನು ಇಟ್ಟುಕೊಂಡು ಹುಡುಕಾಟಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು: ಏನನ್ನೋ ತಿಳಿಯಲು ಹುಡುಕುವುದು, ಏನನ್ನೋ ಮಾಡಿ ಮುಗಿಸಲು ಹುಡುಕುವುದು, ಮೊದಲೇ ಗೊತ್ತಿರುವ ಒಂದು ತಾಣಕ್ಕೆ ಹೋಗಲು ದಾರಿ ಕೇಳುವುದು. ದಾಖಲೆಗಳ ಪ್ರಕಾರ ಮೂರನೆಯ ಬಗೆಯವು ಸುಮಾರು ಶೇ 20, ತಿಳಿಯಲು ಹುಡುಕಿದವು ಶೇ 48, ಮಾಡಿ ಮುಗಿಸಲು ಹುಡುಕಿದವು ಶೇ 30. ‘ಈಬೇ ಶೂಸ್’ ಎಂದು ಟೈಪ್ ಮಾಡಿದವರು ಈ ಮೂರನೆಯ ಗುಂಪಿನವರು. ಅಂಗಡಿ ಯಾವುದೆಂದು ಅವರು ತೀರ್ಮಾನಿಸಿಯಾಗಿದೆ. ಸರ್ಚ್ ಡಬ್ಬಿಯನ್ನು ಅವರು ವಿಳಾಸ ಬರೆಯುವ ಜಾಗವಾಗಿ ಬಳಸುತ್ತಿದ್ದಾರೆ. ಅಂಥವರಿಗೆ ತೋರಿಸುವ ಜಾಹೀರಾತು, ಮನೆ ಬಾಗಿಲಿಗೇ ಬಂದು ನಿಂತ ನೆಂಟರಿಗೆ ದಾರಿ ತೋರಿಸಲು ಕೂಲಿಯಾಳು ಇಟ್ಟಂತೆ.

ಇಲ್ಲಿಯವರೆಗೆ ಪ್ರಕರಣ ಸುಲಭ. ಬ್ರ್ಯಾಂಡ್ ಕೀವರ್ಡ್‌ಗೆ ದುಡ್ಡು ಹಾಕಬಾರದಿತ್ತು, ಹಾಕಿದರು, ನಿಲ್ಲಿಸಿ ನೋಡಿದರು, ಗೊತ್ತಾಯಿತು. ನಿಜವಾದ ತೊಡಕು ಇರುವುದು ಕಂಪನಿಯ ಹೆಸರು ಇಲ್ಲದ ಕೀವರ್ಡ್‌ಗಳಲ್ಲಿ.

ಹತ್ತು ಕೋಟಿ ಪದಗಳು

ಆ ಕಾಲಕ್ಕೆ ಈಬೇ ಹತ್ತು ಕೋಟಿಗೂ ಮೀರಿದ ಕೀವರ್ಡ್ ಮತ್ತು ಕೀವರ್ಡ್ ಜೋಡಿಗಳನ್ನು ನಿರ್ವಹಿಸುತ್ತಿತ್ತು. ಮನುಷ್ಯರು ಕೂತು ಆರಿಸುವ ಕೆಲಸವಲ್ಲ ಅದು. ದಿನದಿನವೂ ಬದಲಾಗುವ ಅಲ್ಗಾರಿದಂಗಳು ಪಟ್ಟಿಯನ್ನು ತಯಾರಿಸಿ ಸರ್ಚ್ ಎಂಜಿನ್‌ಗಳಿಗೆ ತಾವೇ ಕಳಿಸುತ್ತಿದ್ದವು. ಪ್ರಬಂಧ ಕೊಡುವ ಉದಾಹರಣೆಗಳು ಮೂರು: ‘ಮೆಮೊರಿ’, ‘ಸೆಲ್ ಫೋನ್’, ‘ಯೂಸ್ಡ್ ಗಿಬ್ಸನ್ ಲೆಸ್ ಪಾಲ್’. ಅವರು ಬೇಕೆಂದೇ ಇವನ್ನು ಆರಿಸಿದರೋ ಇಲ್ಲವೋ, ಕೀವರ್ಡ್ ಮತ್ತು ಉದ್ದೇಶದ ಸಂಬಂಧ ಕಲಿಸಲು ಇದಕ್ಕಿಂತ ಒಳ್ಳೆಯ ಮೂರು ಪದ ಸಿಗಲಾರವು. ಸ್ವಲ್ಪ ನಿಂತು ನೋಡೋಣ.

ಕೊನೆಯದರಿಂದ ಶುರುಮಾಡುವುದು ವಾಸಿ. ಗಿಬ್ಸನ್ ಲೆಸ್ ಪಾಲ್ ಎಂಬುದು ಎಲೆಕ್ಟ್ರಿಕ್ ಗಿಟಾರಿನ ಒಂದು ಮಾದರಿ. ಮುಂದೆ ‘ಯೂಸ್ಡ್’ ಎಂದು ಸೇರಿಸಿದ ಮನುಷ್ಯ ತನಗೆ ಬೇಕಾದದ್ದು ಯಾವ ಕಂಪನಿಯ ಯಾವ ಗಿಟಾರು, ಹೊಸದೋ ಹಳೆಯದೋ ಎಂಬುದನ್ನೆಲ್ಲ ಹೇಳಿಬಿಟ್ಟಿದ್ದಾನೆ. ಕೊಳ್ಳುವ ಉದ್ದೇಶ ಪದದಲ್ಲೇ ಎದ್ದು ಕಾಣುತ್ತದೆ. ಆದರೆ ಹಳೆಯ ಗಿಟಾರಿನ ಬೆನ್ನುಬಿದ್ದ ಒಬ್ಬನಿಗೆ 2012ರ ಅಮೆರಿಕದಲ್ಲಿ ಈಬೇ ಎಂಬ ಜಾಗ ಗೊತ್ತಿರದೆ ಇರುತ್ತದೆಯೇ? ಉದ್ದೇಶ ಸ್ಪಷ್ಟವಾದಷ್ಟೂ ಅವನು ಆ ಮಾರುಕಟ್ಟೆಯನ್ನು ಆಗಲೇ ಸುತ್ತಿ ಬಂದಿರುವ ಸಂಭವ ಹೆಚ್ಚು. ಕೊಳ್ಳುವ ಮನಸ್ಸಿರುವವರ ಪದಗಳಿಗೇ ಹೆಚ್ಚು ಬಿಡ್ (ಜಾಹೀರಾತಿನ ಹರಾಜಿನಲ್ಲಿ ಕೂಗುವ ದರ) ಹಾಕಿ ಎಂಬ ಬುದ್ಧಿವಾದವನ್ನು ಈ ಕಸುಬಿನಲ್ಲಿರುವವರೆಲ್ಲ ಕೇಳಿದ್ದೇವೆ. ಅದು ತಪ್ಪಲ್ಲ, ಅರೆಬೆಂದದ್ದು.

‘ಸೆಲ್ ಫೋನ್’ ಎಂದವರು ಕೊಳ್ಳಲು ಬಂದವರೋ, ಎರಡು ಮಾದರಿಗಳನ್ನು ಹೋಲಿಸುವವರೋ, ಕೆಟ್ಟ ಫೋನ್ ರಿಪೇರಿಗೆ ಜಾಗ ಹುಡುಕುವವರೋ, ಶಾಲೆಯ ಪ್ರಬಂಧ ಬರೆಯುವ ಮಕ್ಕಳೋ ಹೇಳಲಾಗದು. ‘ಮೆಮೊರಿ’ಯಂತೂ ಇನ್ನೂ ದೂರ. ಕಂಪ್ಯೂಟರಿಗೆ ಹಾಕುವ ಮೆಮೊರಿ ಚಿಪ್ ಇರಬಹುದು, ವಯಸ್ಸಾದ ತಾಯಿಗೆ ಮರೆವು ಶುರುವಾಗಿದೆಯೆಂದು ಕಂಗಾಲಾದ ಮಗಳಿರಬಹುದು. ಪದ ಒಂದೇ, ಬಿಡ್ ಒಂದೇ, ಜಾಹೀರಾತೂ ಒಂದೇ.

ಪದ ಹೀಗೆ ಮಂಜಾಗಿದ್ದರೆ ಉದ್ದೇಶ ಊಹಿಸುವುದು ಕಷ್ಟ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಪದ ಗಾಜಿನಷ್ಟು ಸ್ಪಷ್ಟವಾಗಿದ್ದರೂ ಅದರೊಳಗೆ ಇಬ್ಬರು ಬೇರೆ ಬೇರೆ ಮನುಷ್ಯರು ನಿಂತಿರಬಹುದು ಎಂಬುದೇ ಈ ಪ್ರಕರಣದ ಎರಡನೆಯ ಭಾಗ.

ನಿಲ್ಲಿಸಿ ನೋಡುವ ಲೆಕ್ಕ

ಅಮೆರಿಕವನ್ನು ಟಿವಿ ಮಾರುಕಟ್ಟೆಗೆಂದು 210 ಪ್ರದೇಶಗಳಾಗಿ ಹಂಚಿದ್ದಾರೆ. ಹುಡುಕುತ್ತಿರುವವರು ಯಾವ ಪ್ರದೇಶದಲ್ಲಿದ್ದಾರೆ ಎಂಬುದನ್ನು ಅಂದಾಜಿಸಿ ಅಲ್ಲಿಗೆ ಬೇರೆ ಬಿಡ್ ಹಾಕುವ ಸೌಲಭ್ಯ ಆಗ ಗೂಗಲ್‌ನಲ್ಲಿ ಹೊಸದಾಗಿ ಬಂದಿತ್ತು. ಈಬೇ ಅದನ್ನು ಬಳಸಿ ಸುಮಾರು ಶೇ 30ರಷ್ಟು ಪ್ರದೇಶಗಳಲ್ಲಿ ಬ್ರ್ಯಾಂಡ್ ಹೆಸರಿಲ್ಲದ ಕೀವರ್ಡ್‌ಗಳ ಜಾಹೀರಾತನ್ನು ಸುಮಾರು ಎರಡು ತಿಂಗಳು ನಿಲ್ಲಿಸಿತು. ಉಳಿದೆಡೆ ಎಂದಿನಂತೆ ನಡೆಯಿತು. ನಂತರ ಎರಡೂ ಕಡೆಯ ಮಾರಾಟವನ್ನು ಹೋಲಿಸಿದರು. ಒತ್ತಿದವರು ಕೊಂಡರೇ ಎಂದು ಯಾರೂ ಕೇಳಲಿಲ್ಲ, ಆ ಪ್ರದೇಶದ ಒಟ್ಟು ಮಾರಾಟ ಎಷ್ಟು ಎಂದಷ್ಟೇ ಕೇಳಿದರು. ಕೇಳುವ ಪ್ರಶ್ನೆಯಲ್ಲಿನ ಈ ಸಣ್ಣ ಬದಲಾವಣೆಯೇ ಎಲ್ಲವನ್ನೂ ತಲೆಕೆಳಗು ಮಾಡಿದ್ದು.

ಹಳೆಯ ಬಗೆಯ ಲೆಕ್ಕದಲ್ಲಿ, ಎಲ್ಲಿ ಯಾವಾಗ ಎಷ್ಟು ಖರ್ಚಾಯಿತು, ಅಲ್ಲಿ ಆಗ ಎಷ್ಟು ಮಾರಾಟವಾಯಿತು ಎಂದು ನೇರ ಹೋಲಿಸಿದರೆ, ಹಾಕಿದ ದುಡ್ಡಿನ ಮೇಲಿನ ಲಾಭ ಶೇ 4,100ಕ್ಕೂ ಮೇಲೆ ಬರುತ್ತಿತ್ತು. ಸಮಯ ಮತ್ತು ಪ್ರದೇಶದ ವ್ಯತ್ಯಾಸವನ್ನು ಸರಿದೂಗಿಸಿದರೂ ಶೇ 1,600 ದಾಟುತ್ತಿತ್ತು. ಪ್ರಯೋಗ ಕೊಟ್ಟ ಅಂಕಿ ಋಣ 63. ಅಂದರೆ ಹಾಕಿದ ಪ್ರತಿ ಡಾಲರಿನಲ್ಲಿ ವಾಪಸ್ಸಾದದ್ದು 37 ಸೆಂಟ್, ಉಳಿದದ್ದು ಹೋಯಿತು. ಇಂಥ ಅಂದಾಜುಗಳಿಗೆ ಹಿಂದುಮುಂದು ಇದ್ದೇ ಇರುತ್ತದೆ. ಅವರ ಲೆಕ್ಕದ ವ್ಯಾಪ್ತಿ ಋಣ 124ರಿಂದ ಋಣ 3ರವರೆಗೆ ಹರಡಿದೆ. ಸಾಕಷ್ಟು ಅಗಲ, ಆದರೆ ಎಲ್ಲೂ ಸೊನ್ನೆಯಿಂದ ಮೇಲೆ ಬರುವುದಿಲ್ಲ.

ಸಾವಿರಾರು ಶೇಕಡಾ ಲಾಭ ಒಮ್ಮೆಲೇ ನಷ್ಟವಾಗುವಷ್ಟು ತಪ್ಪು ಎಲ್ಲಿಂದ ಬಂತು? ಇದು ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ಇಷ್ಟವಾದ ಜಾಗ. ಪತ್ರಿಕೆಯಲ್ಲಿ ಜಾಹೀರಾತು ಹಾಕಿದರೆ ಖರ್ಚು ಎಷ್ಟೆಂದು ತೀರ್ಮಾನಿಸುವುದು ಹಾಕುವವರು. ಕ್ಲಿಕ್ಕಿಗೆ ಇಷ್ಟು ಎಂದು ಕೊಡುವ ಸರ್ಚ್ ಜಾಹೀರಾತಿನಲ್ಲಿ ಖರ್ಚನ್ನು ತೀರ್ಮಾನಿಸುವುದು ಹುಡುಕುವವರು. ಕೊಳ್ಳುವ ಮನಸ್ಸು ಜನರಲ್ಲಿ ಹೆಚ್ಚಾದ ವಾರ ಅವರು ಹೆಚ್ಚು ಹುಡುಕುತ್ತಾರೆ, ಹೆಚ್ಚು ಒತ್ತುತ್ತಾರೆ, ಕಂಪನಿಯ ಖರ್ಚು ತಾನಾಗಿ ಏರುತ್ತದೆ. ಅದೇ ವಾರ ಮಾರಾಟವೂ ಏರುತ್ತದೆ, ಅದೇ ಮನಸ್ಸಿನ ಕಾರಣಕ್ಕೆ. ಖರ್ಚು ಮತ್ತು ಮಾರಾಟ ಒಂದೇ ತಾಯಿಯ ಎರಡು ಮಕ್ಕಳು. ಒಂದನ್ನು ಇನ್ನೊಂದರ ತಾಯಿ ಎಂದು ಬರೆದುಕೊಂಡದ್ದರಿಂದ ಶೇ 4,100 ಬಂತು. ಡ್ಯಾಶ್‌ಬೋರ್ಡಿನಲ್ಲಿ ಆ ತಾಯಿಗೆ, ಅಂದರೆ ಜನರ ಉದ್ದೇಶಕ್ಕೆ, ಕಾಲಂ ಇಲ್ಲ. ಅವಳು ಪುಟದ ಹೊರಗೆ ನಿಂತಿರುತ್ತಾಳೆ.

ಅದೇ ಪದ, ಬೇರೆ ಮನುಷ್ಯ

ಸರಾಸರಿ ನಷ್ಟ ಎಂದಾಗ ಅಲ್ಲಿಗೇ ಕೈಬಿಟ್ಟಿದ್ದರೆ ಪ್ರಬಂಧ ಅರ್ಧವಾಗುತ್ತಿತ್ತು. ಅವರು ಕೊಂಡವರನ್ನು ಹಿಂದಿನ ಖರೀದಿಗಳ ಸಂಖ್ಯೆಯ ಪ್ರಕಾರ ಬೇರ್ಪಡಿಸಿದರು. ಒಮ್ಮೆಯೂ ಕೊಳ್ಳದವರು, ಅಪರೂಪಕ್ಕೆ ಕೊಂಡವರು, ಆಗಾಗ ಕೊಳ್ಳುವವರು. ಜಾಹೀರಾತು ಇದ್ದ ಪ್ರದೇಶಗಳಲ್ಲಿ ಹೊಸದಾಗಿ ನೋಂದಾಯಿಸಿದವರು ಹೆಚ್ಚು. ಹೊಸಬರ ಮೇಲೆ, ಅಪರೂಪದವರ ಮೇಲೆ ಜಾಹೀರಾತು ನಿಜವಾಗಿ ಕೆಲಸ ಮಾಡಿತ್ತು. ಹಿಂದೆ ಕೊಂಡ ಸಲಗಳು ಹೆಚ್ಚಿದಂತೆ ಆ ಪರಿಣಾಮ ಬೇಗಬೇಗ ಸೊನ್ನೆಗೆ ಇಳಿಯಿತು. ತೊಂದರೆ ಏನೆಂದರೆ, ಹೆಚ್ಚು ಹುಡುಕುವವರೂ ಹೆಚ್ಚು ಒತ್ತುವವರೂ ಹಳೆಯ ಗಿರಾಕಿಗಳೇ. ಖರ್ಚಿನ ದೊಡ್ಡ ಪಾಲು ಹೋಗುತ್ತಿದ್ದದ್ದು ಜಾಹೀರಾತು ನೋಡಿದರೂ ನೋಡದಿದ್ದರೂ ಬರುವವರ ಮೇಲೆ.

ಈಗ ಬ್ರೋಡರ್ ವಿಂಗಡಣೆಗೆ ಮರಳಿ ಬನ್ನಿ. ಸರ್ಚ್ ಮಾರ್ಕೆಟಿಂಗ್ ಕಲಿಸುವ ಕಡೆಯೆಲ್ಲ ಆ ಮೂರು ಬಗೆಗಳನ್ನು ಕೀವರ್ಡ್‌ಗೆ ಅಂಟಿಸುವ ಚೀಟಿಯಂತೆ ಬಳಸುತ್ತಾರೆ. ಪಟ್ಟಿ ತೆಗೆದುಕೊಳ್ಳಿ, ಪ್ರತಿ ಪದದ ಮುಂದೆ ಬರೆಯಿರಿ: ಇದು ತಿಳಿಯಲು, ಇದು ಕೊಳ್ಳಲು, ಇದು ತಾಣಕ್ಕೆ ಹೋಗಲು. ಉಪಯೋಗವಿಲ್ಲ ಎನ್ನಲಾರೆ. ‘ಹೇಗೆ ಆರಿಸುವುದು’ ಎಂದು ಕೇಳಿದವರನ್ನು ನೇರ ಖರೀದಿ ಪುಟಕ್ಕೆ ತಳ್ಳುವ ತಪ್ಪನ್ನಾದರೂ ಅದು ತಪ್ಪಿಸುತ್ತದೆ. ಆದರೆ ಈಬೇ ಪ್ರಕರಣದಲ್ಲಿ ಕೊಳ್ಳಲೆಂದೇ ‘ಸೆಲ್ ಫೋನ್’ ಎಂದು ಹುಡುಕಿದ ಹಳೆಯ ಗಿರಾಕಿಗೂ ಹೊಸಬನಿಗೂ ಅಂಟುವ ಚೀಟಿ ಒಂದೇ. ಬ್ರೋಡರ್ ಭಾಷೆಯಲ್ಲಿ ಇಬ್ಬರೂ ಮಾಡಿ ಮುಗಿಸಲು ಬಂದವರು. ಹಾಗಿದ್ದೂ ಒಬ್ಬನಿಗೆ ಜಾಹೀರಾತು ಸುದ್ದಿ, ಇನ್ನೊಬ್ಬನಿಗೆ ಅದು ದಿನಾ ದಾಟುವ ಹೊಸ್ತಿಲು. ಉದ್ದೇಶ ಪದದ ಗುಣವಾಗಿದ್ದರೆ ಇಬ್ಬರ ಮೇಲೂ ಪರಿಣಾಮ ಒಂದೇ ಆಗಬೇಕಿತ್ತು. ಆಗಲಿಲ್ಲ. ಹುಡುಕುವ ಮನುಷ್ಯನಿಗೆ ಏನು ಮೊದಲೇ ಗೊತ್ತು ಎಂಬುದರಲ್ಲಿ ಉದ್ದೇಶದ ಅರ್ಧ ಅಡಗಿರುತ್ತದೆ, ಮತ್ತು ಅದನ್ನು ಯಾರೂ ಡಬ್ಬಿಯಲ್ಲಿ ಟೈಪ್ ಮಾಡುವುದಿಲ್ಲ.

ಅರ್ಥಶಾಸ್ತ್ರಜ್ಞರು ಇದನ್ನು ತಮ್ಮ ಹಳೆಯ ಚರ್ಚೆಯೊಂದಕ್ಕೆ ಜೋಡಿಸುತ್ತಾರೆ: ಜಾಹೀರಾತು ತಿಳಿಸುತ್ತದೋ, ಒಲಿಸುತ್ತದೋ? ಇಲ್ಲಿ ತಿಳಿಸುವ ಪಕ್ಷ ಗೆದ್ದಿತು. ಗೊತ್ತಿಲ್ಲದವರಿಗೆ ತಿಳಿಸಿದ್ದಕ್ಕೆ ಫಲ ಸಿಕ್ಕಿತು, ಗೊತ್ತಿದ್ದವರನ್ನು ಒಲಿಸಲು ಹೋದದ್ದು ವ್ಯರ್ಥವಾಯಿತು.

89 ಎಂದವರೂ ಇದ್ದಾರೆ

ಈ ಪ್ರಯೋಗಕ್ಕೆ ಒಂದು ವರ್ಷ ಮೊದಲು, 2011ರಲ್ಲಿ, ಗೂಗಲ್‌ನ ಸಂಶೋಧಕರೇ ನೂರಾರು ಜಾಹೀರಾತುದಾರರ ಉದಾಹರಣೆಗಳನ್ನು ಸೇರಿಸಿ ಒಂದು ಅಧ್ಯಯನ ಪ್ರಕಟಿಸಿದ್ದರು. ಜಾಹೀರಾತು ನಿಲ್ಲಿಸಿದರೆ ಅದರಿಂದ ಬರುತ್ತಿದ್ದ ಕ್ಲಿಕ್‌ಗಳಲ್ಲಿ ಸರಾಸರಿ ಶೇ 89ರಷ್ಟು ಸಹಜ ಫಲಿತಾಂಶಗಳಿಂದ ತುಂಬಿಬರುವುದಿಲ್ಲ ಎಂಬುದು ಅದರ ನಿರ್ಣಯ. ಅಲ್ಲಿ ಕಳೆದುಹೋಗುವುದು ಶೇ 89, ಈಬೇಯ ಬ್ರ್ಯಾಂಡ್ ಪದಗಳಲ್ಲಿ ಕಳೆದುಹೋದದ್ದು ಬರೀ ಶೇ 0.5. ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ಅನಿಸುವುದು ಸಹಜ, ಅದರಲ್ಲೂ ಜಾಹೀರಾತು ಮಾರುವವರೇ ಮಾಡಿದ ಅಧ್ಯಯನ ಎಂದಾಗ. ಆದರೆ ಎರಡೂ ನಿಜವಾಗಿರಲು ಅಡ್ಡಿಯಿಲ್ಲ. ಗೂಗಲ್ ಸಂಶೋಧಕರ ಮುಂದಿನ ವರ್ಷದ ಅಧ್ಯಯನವೇ ಕೀಲಿಕೈ ಕೊಡುತ್ತದೆ: ಜಾಹೀರಾತು ಕಾಣಿಸಿದ ಸಂದರ್ಭಗಳಲ್ಲಿ ಶೇ 81ರಷ್ಟರಲ್ಲಿ ಮೊದಲ ಪುಟದಲ್ಲಿ ಆ ಕಂಪನಿಯ ಸಹಜ ಫಲಿತಾಂಶವೇ ಇರಲಿಲ್ಲ. ಪಕ್ಕದ ಬಾಗಿಲೇ ಇಲ್ಲದ ಮನೆಯಲ್ಲಿ ಮುಂಬಾಗಿಲು ಮುಚ್ಚಿದರೆ ಜನ ಹೇಗೆ ಬಂದಾರು? ಸಹಜ ಫಲಿತಾಂಶ ಮೊದಲ ಸ್ಥಾನದಲ್ಲೇ ಇದ್ದ ಕಡೆ, ಅದೇ ಅಧ್ಯಯನದ ಪ್ರಕಾರ, ಜಾಹೀರಾತಿನ ಕ್ಲಿಕ್‌ಗಳಲ್ಲಿ ಅರ್ಧದಷ್ಟು ಮಾತ್ರ ಹೆಚ್ಚುವರಿಯಾಗಿ ಬಂದವು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಗೂಗಲ್ ಅಧ್ಯಯನಗಳು ಎಣಿಸಿದ್ದು ಕ್ಲಿಕ್, ಬ್ರ್ಯಾಂಡ್ ಹೆಸರಿಲ್ಲದ ಕೀವರ್ಡ್‌ಗಳ ಮೇಲಿನ ಈಬೇಯ ಪ್ರಯೋಗ ಎಣಿಸಿದ್ದು ಮಾರಾಟ. ಕ್ಲಿಕ್ ಕಳೆದುಹೋದರೂ ಮಾರಾಟ ಉಳಿಯಬಹುದು; ಗಿರಾಕಿ ನೇರ ವಿಳಾಸ ಟೈಪ್ ಮಾಡಿಯೇ ಬರಬಹುದು. ಇವೆರಡನ್ನು ಒಂದೇ ತಕ್ಕಡಿಯಲ್ಲಿ ಇಡುವ ಲೇಖನಗಳು ಸಾಕಷ್ಟಿವೆ.

ಈಬೇ ಫಲಿತಾಂಶವನ್ನು ಎಲ್ಲರೂ ತಮಗೆ ಹಚ್ಚಿಕೊಳ್ಳಲಾಗದು ಎಂಬುದನ್ನು ಲೇಖಕರೇ ಹೇಳುತ್ತಾರೆ. ಹೆಸರು ಮನೆಮಾತಾಗಿದ್ದ ಕಂಪನಿ ಅದು. ನಿನ್ನೆ ಮೊನ್ನೆ ಶುರುವಾದ ಸಂಸ್ಥೆಗೆ ಬರುವವರೆಲ್ಲ ಹೊಸಬರೇ, ಅಂದರೆ ಈಬೇಯಲ್ಲೂ ಜಾಹೀರಾತು ಫಲಿಸಿದ ಗುಂಪಿನವರೇ. ಇನ್ನೊಂದು ತೊಡಕು ಸ್ಪರ್ಧಿಗಳದ್ದು. ನಿಮ್ಮ ಹೆಸರು ಹುಡುಕಿದವರ ಮುಂದೆ ಬೇರೆಯವರು ದುಡ್ಡು ಕೊಟ್ಟು ಬಂದು ಕೂತಿದ್ದರೆ ಲೆಕ್ಕ ಬದಲಾಗುತ್ತದೆ. ಮೇಲೆ ಹೇಳಿದ ನೋಸ್ಕೊ ಅವರೂ ಸೇರಿ ಮೈಕ್ರೋಸಾಫ್ಟ್‌ನ ಸರ್ಚ್ ಎಂಜಿನ್ ಬಿಂಗ್‌ನ ದತ್ತಾಂಶ ಇಟ್ಟುಕೊಂಡು 2018ರಲ್ಲಿ ಪ್ರಕಟಿಸಿದ ಕೆಲಸ ಈ ಪ್ರಶ್ನೆಯದ್ದೇ: ಸ್ಪರ್ಧಿಗಳಿಲ್ಲದಾಗ ಸ್ವಂತ ಹೆಸರಿನ ಜಾಹೀರಾತಿಗೆ ಅಲ್ಪ ಫಲ, ಮೇಲಿನ ಜಾಗ ಖಾಲಿ ಬಿಟ್ಟು ಸ್ಪರ್ಧಿಗಳು ಬಂದು ಕೂತಾಗ ನಷ್ಟ ಗಣನೀಯ. ದಾರಿ ಕೇಳಲು ಬಂದವರನ್ನೂ ಅಡ್ಡಹಾದಿಗೆ ಎಳೆಯಬಹುದು, ಎಲ್ಲರನ್ನಲ್ಲದಿದ್ದರೂ ಕೆಲವರನ್ನು.

2012ರ ನಂತರ ಸರ್ಚ್ ಎಂಜಿನ್‌ಗಳು ಪದದ ಹಿಂದಿನ ಅರ್ಥ ಹಿಡಿಯುವುದರಲ್ಲಿ ಬಹಳ ದೂರ ಬಂದಿವೆ. 2018ರಲ್ಲಿ ಗೂಗಲ್ ತನ್ನ ಜಾಹೀರಾತಿನ ‘ಎಕ್ಸಾಕ್ಟ್ ಮ್ಯಾಚ್’ನಲ್ಲೂ, ಅಂದರೆ ಕೊಟ್ಟ ಪದವನ್ನೇ ಹಿಡಿಯಬೇಕಾದ ಬಗೆಯಲ್ಲೂ, ಪದ ಬೇರೆಯಿದ್ದು ಅರ್ಥ ಒಂದೇ ಇರುವ ಹುಡುಕಾಟಗಳನ್ನು ಸೇರಿಸಿಕೊಂಡಿತು. 2019ರಲ್ಲಿ ಬರ್ಟ್ ಎಂಬ ಭಾಷಾ ಮಾದರಿಯನ್ನು ಹುಡುಕಾಟಕ್ಕೆ ತಂದಾಗ, ಅಮೆರಿಕದ ಇಂಗ್ಲಿಷ್ ಹುಡುಕಾಟಗಳಲ್ಲಿ ಹತ್ತರಲ್ಲಿ ಒಂದರ ಮೇಲೆ ಅದರ ಪ್ರಭಾವ ಇರುತ್ತದೆ ಎಂದಿತು. ‘ಮೆಮೊರಿ’ಯ ಮಂಜನ್ನು ಇವು ಕರಗಿಸಿಯಾವು. ಗಿಟಾರಿನವನು ಹೇಗಿದ್ದರೂ ಬರುತ್ತಿದ್ದನೇ ಎಂಬುದು ಭಾಷೆಯ ಪ್ರಶ್ನೆಯೇ ಅಲ್ಲ, ಹಾಗಾಗಿ ಭಾಷೆ ಎಷ್ಟು ಚೆನ್ನಾಗಿ ಅರ್ಥವಾದರೂ ಅದಕ್ಕೆ ಉತ್ತರ ಬರುವುದಿಲ್ಲ.

ಅದಕ್ಕೆ ಹತ್ತಿರದ ಉಪಕರಣ ಬಂದದ್ದು ಪ್ರಯೋಗದ ಮರುವರ್ಷವೇ. 2013ರಲ್ಲಿ ಗೂಗಲ್ ಎಲ್ಲ ಜಾಹೀರಾತುದಾರರಿಗೂ ತೆರೆದ ಸೌಲಭ್ಯದಿಂದ, ತಮ್ಮ ತಾಣಕ್ಕೆ ಹಿಂದೆ ಬಂದಿದ್ದವರ ಪಟ್ಟಿ ಇಟ್ಟುಕೊಂಡು ಅದೇ ಕೀವರ್ಡ್‌ಗೆ ಅವರಿಗೊಂದು ಬಿಡ್, ಉಳಿದವರಿಗೊಂದು ಬಿಡ್ ಹಾಕುವುದು ಸಾಧ್ಯವಾಯಿತು. ಹಳಬರಿಗೆ ಬಿಡ್ ಇಳಿಸಿ, ಹೊಸಬರಿಗೆ ಏರಿಸಿ: ಈಬೇ ಪ್ರಕರಣ ಓದಿದವರು ಮಾಡಬೇಕಾದದ್ದು ಇಷ್ಟೇ ಅನಿಸುತ್ತದೆ. ಬಹಳ ಕಡೆ ಕಲಿಸಿದ್ದು, ಕಲಿತದ್ದು ಇದರ ತಿರುವುಮುರುವು. ಹಿಂದೆ ಬಂದವರು ಹೆಚ್ಚು ಕೊಳ್ಳುತ್ತಾರೆ, ವರದಿ ನೋಡಿ, ಅವರ ಬಿಡ್ ಏರಿಸಿ. ಆ ಸಾಲಿನ ಕಾಲಂಗಳೂ ಈಗ ಹಸಿರಾಗಿ ಹೊಳೆಯುತ್ತಿವೆ.